‘ಮದುವೆಯಾಗಿಲ್ಲ’ ಎಂಬ ಕಾಗದವನ್ನು ಕಡಲಾಚೆ ಕಳಿಸುವ ಬಗೆ

ದಾವಣಗೆರೆಯ ಕೋರ್ಟಿಗೆ ಹತ್ತಿರ ನನ್ನದೊಂದು ಟೈಪಿಂಗ್ ಅಂಗಡಿ. ಸೀನಿಯರ್ ಇಂಗ್ಲಿಷ್, ಸೀನಿಯರ್ ಕನ್ನಡ ಪಾಸು ಮಾಡಿಕೊಂಡು ಗೋದ್ರೇಜ್ ಮಷೀನಿನ ಮುಂದೆ ಕೂತವಳು ಈಗ ಕಂಪ್ಯೂಟರಿನ ಮುಂದೆ ಕೂತಿದ್ದೇನೆ. ಕುರ್ಚಿ ಮಾತ್ರ ಅದೇ. ಬಾಡಿಗೆ ಕರಾರು, ಹೆಸರು ಬದಲಾವಣೆ, ಕಳೆದುಹೋದ ಮಾರ್ಕ್ಸ್ ಕಾರ್ಡಿನ ಅಫಿಡವಿಟ್ಟು, ನನ್ನ ದಿನದ ಅನ್ನ ಇವೇ. ವರ್ಷಕ್ಕೆ ಏಳೆಂಟು ಸಲ ಮಾತ್ರ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬರುತ್ತಾರೆ. ಸ್ಟೂಲಿನ ಮೇಲೆ ಕೂತು, ಪರಿಚಯದವರು ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿ ಹೇಳುತ್ತಾರೆ: “ನಮ್ಮ ಹುಡುಗಿಗೆ ಮದುವೆ ಆಗಿಲ್ಲ ಅಂತ ಒಂದು ಸರ್ಟಿಫಿಕೇಟ್ ಬೇಕಿತ್ತು ಕಣಮ್ಮ.”

ದನಿ ತಗ್ಗಿಸಬೇಕಾದ್ದೇನೂ ಇಲ್ಲ. ಹೊರದೇಶದಲ್ಲಿ ಮದುವೆ ರಿಜಿಸ್ಟರ್ ಮಾಡುವವನು ಕೇಳುವ ಮೊದಲ ಕಾಗದಗಳಲ್ಲಿ ಇದೂ ಒಂದು. ತೊಡಕಿರುವುದು ಬೇರೆ ಕಡೆ. ಹುಟ್ಟಿದ್ದಕ್ಕೆ ನಮ್ಮಲ್ಲಿ ರಿಜಿಸ್ಟರ್ ಇದೆ, ಸತ್ತಿದ್ದಕ್ಕೆ ಇದೆ, ಮದುವೆಯಾದದ್ದಕ್ಕೂ ಇದೆ. ಆಗದೇ ಇರುವುದಕ್ಕೆ ಯಾವ ರಿಜಿಸ್ಟರೂ ಇಲ್ಲ. ಯುರೋಪಿನ ಎಷ್ಟೋ ದೇಶಗಳಲ್ಲಿ ನಗರಸಭೆಯ ಪುಸ್ತಕದಲ್ಲೇ ಪ್ರತಿಯೊಬ್ಬನ ವೈವಾಹಿಕ ಸ್ಥಿತಿ ದಾಖಲಾಗಿರುತ್ತದೆ. ಅಲ್ಲಿಯ ಗುಮಾಸ್ತ ಒಂದು ಗುಂಡಿ ಒತ್ತಿದರೆ ಕಾಗದ ಬಂತು. ಅವನು ನಮ್ಮಿಂದಲೂ ಅಂಥದ್ದನ್ನೇ ಕೇಳುತ್ತಾನೆ. ನಮ್ಮ ಹತ್ತಿರ ಇರುವುದು ಬಾಯಿಮಾತು. ಆ ಬಾಯಿಮಾತಿಗೆ ಪ್ರಮಾಣದ ಬಲ ಕೊಟ್ಟು, ಮುದ್ರೆಯ ಮೇಲೆ ಮುದ್ರೆ ಒತ್ತಿಸಿ, ಅವನು ಒಪ್ಪುವ ರೂಪಕ್ಕೆ ತರುವುದೇ ಈ ಕೆಲಸವೆಲ್ಲ.

ನನ್ನ ಮೊದಲ ಪ್ರಶ್ನೆ “ಹೆಸರೇನು” ಅಲ್ಲ. “ಯಾವ ದೇಶ, ಯಾವ ಆಫೀಸು, ಅವರು ಬರೆದುಕೊಟ್ಟ ಪಟ್ಟಿ ಎಲ್ಲಿ?” ಪಟ್ಟಿ ಇಲ್ಲದಿದ್ದರೆ ಚಹಾ ಕೊಟ್ಟು ವಾಪಸ್ ಕಳಿಸುತ್ತೇನೆ. ಬಹಳ ಜನ ಸ್ಟ್ಯಾಂಪ್ ಪೇಪರಿನಿಂದ ಶುರು ಮಾಡಿ ಮುಂದೆ ಹೋಗುತ್ತಾರೆ. ನಾನು ಹೇಳುವುದು, ಕಟ್ಟಕಡೆಗೆ ಆ ಕಾಗದ ಯಾರ ಟೇಬಲ್ಲಿನ ಮೇಲೆ ಬೀಳುತ್ತದೋ ಅವನಿಂದ ಶುರು ಮಾಡಿ ಹಿಂದಕ್ಕೆ ಬನ್ನಿ ಅಂತ. ಅವನಿಗೆ ಕಾಗದ ಯಾರ ಹೆಸರಲ್ಲಿರಬೇಕು, ತಂದೆ ತಾಯಿ ಕೊಟ್ಟರೆ ಆದೀತೋ ಅಥವಾ ಭಾರತದ ದೂತಾವಾಸವೇ ಕೊಡಬೇಕೋ, ಎಷ್ಟು ತಿಂಗಳ ಒಳಗಿನದಿರಬೇಕು, ಯಾವ ಭಾಷೆಯಲ್ಲಿರಬೇಕು, ಅಪೊಸ್ಟೀಲ್ (ಕಾಗದದ ಮೇಲಿನ ಸಹಿ ನಿಜವೆಂದು ಹೊರದೇಶಕ್ಕಾಗಿ ಸರಕಾರ ಅಂಟಿಸುವ ಚೀಟಿ) ಬೇಕೋ ಬೇಡವೋ. ಈ ಐದು ಸಂಗತಿ ಈಮೇಲಿನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ಬೇಡ.

ಕೆಲವು ಕಡೆ ಈ ಕಾಗದವೇ ಬೇಕಾಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಮದುವೆಗೆ ಕನಿಷ್ಠ ಒಂದು ತಿಂಗಳು ಮೊದಲು ನೋಟಿಸು ಕೊಡಬೇಕು. ಹಿಂದೆ ಮದುವೆಯಾಗಿದ್ದರೆ ಅದು ಮುಗಿದ ಪುರಾವೆ ಕೇಳುತ್ತಾರೆ, ಆಗಿಯೇ ಇಲ್ಲದವರು ಅಲ್ಲೇ ಘೋಷಣೆಗೆ ಸಹಿ ಹಾಕಿದರೆ ಆಯಿತು. ಅಮೆರಿಕದಲ್ಲೂ ಹೆಚ್ಚಿನ ಕೌಂಟಿಗಳಲ್ಲಿ ಮದುವೆ ಲೈಸೆನ್ಸಿನ ಅರ್ಜಿಯಲ್ಲೇ ಪ್ರಮಾಣ ಮಾಡಿಸಿಕೊಳ್ಳುತ್ತಾರೆ. ಡಲ್ಲಾಸಿನಲ್ಲಿರುವ ಮಗನಿಗೆಂದು ಅಫಿಡವಿಟ್ಟು ಮಾಡಿಸಿ, ಬೆಂಗಳೂರಿಗೆ ಎರಡು ಸಲ ಓಡಾಡಿ, ಕೊರಿಯರಿನಲ್ಲಿ ಕಳಿಸಿದ ಒಬ್ಬ ರಿಟೈರ್ಡ್ ಮೇಷ್ಟ್ರು ನನಗೆ ಗೊತ್ತು. ಅದನ್ನು ಅಲ್ಲಿ ಯಾರೂ ಕೈಗೆ ಕೂಡ ತೆಗೆದುಕೊಳ್ಳಲಿಲ್ಲ. ಈಗ ಅದು ಅವರ ಬೀರುವಿನಲ್ಲಿ ಮಗನ ಜಾತಕದ ಜೊತೆಗಿದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದು ಭಾರತದ ಪಾಸ್‌ಪೋರ್ಟ್ ಇರುವವರ ವಿಷಯ. ಬೇರೆ ದೇಶದ ಪೌರತ್ವ ತೆಗೆದುಕೊಂಡಿದ್ದರೆ ಅವರ ಕಾಗದವನ್ನು ಅವರ ದೇಶವೇ ಕೊಡಬೇಕು. ಅಪ್ಪ ಅಮ್ಮ ಇಲ್ಲಿ ದಾವಣಗೆರೆಯಲ್ಲಿದ್ದಾರೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಪ್ರಮಾಣ ಮಾಡುವವರು ಯಾರು

ಹುಡುಗ ಅಥವಾ ಹುಡುಗಿ ಊರಿಗೆ ಬಂದಿದ್ದರೆ ತಾವೇ ಪ್ರಮಾಣ ಮಾಡಬಹುದು. ಅಲ್ಲೇ ಇದ್ದರೆ ಎರಡು ದಾರಿ. ಒಂದು, ತಂದೆ ತಾಯಿ ಇಬ್ಬರೂ ಇಲ್ಲಿ ಅಫಿಡವಿಟ್ಟು ಕೊಡುವುದು. ಇನ್ನೊಂದು, ಅವರೇ ಅಲ್ಲಿಯ ಭಾರತೀಯ ದೂತಾವಾಸಕ್ಕೆ ಹೋಗಿ ಅಲ್ಲಿನ ಅಧಿಕಾರಿಯ ಎದುರು ಪ್ರಮಾಣ ಮಾಡುವುದು. 1948ರ ಒಂದು ಕಾಯ್ದೆಯಲ್ಲಿ ನಮ್ಮ ದೂತಾವಾಸದ ಅಧಿಕಾರಿಗಳಿಗೆ ಪ್ರಮಾಣ ಮಾಡಿಸುವ, ನೋಟರಿ ಕೆಲಸ ಮಾಡುವ ಅಧಿಕಾರ ಕೊಟ್ಟಿದ್ದಾರೆ. ಸಾಮಾನ್ಯವಾಗಿ ಎರಡೂ ದಾರಿ ಕೂಡಿಕೊಳ್ಳುತ್ತವೆ: ಇಲ್ಲಿಂದ ಹೋದ ತಂದೆ ತಾಯಿಯ ಅಫಿಡವಿಟ್ಟನ್ನು ನೋಡಿ, ಅದರ ಆಧಾರದ ಮೇಲೆ ದೂತಾವಾಸದವರು ತಮ್ಮ ಹೆಸರಿನಲ್ಲಿ ಸರ್ಟಿಫಿಕೇಟ್ ಕೊಡುತ್ತಾರೆ.

ಮೂರನೆಯ ದಾರಿಯೊಂದನ್ನು ಜನ ತಾವೇ ಕಂಡುಹಿಡಿದಿದ್ದಾರೆ. “ಮಗ ಅಲ್ಲಿದ್ದಾನೆ, ಅವನ ಸಹಿ ನನಗೆ ಚೆನ್ನಾಗಿ ಬರುತ್ತೆ, ಅವನ ಹೆಸರಲ್ಲೇ ಟೈಪ್ ಮಾಡಿಬಿಡು” ಅನ್ನುತ್ತಾರೆ. ಆಗದು. ನೋಟರಿ ಬರೆಯುವುದೇ “ನನ್ನ ಎದುರು ಪ್ರಮಾಣ ಮಾಡಿ ಸಹಿ ಹಾಕಿದರು” ಎಂದು. ಆ ತಾರೀಖಿಗೆ ಹುಡುಗ ಭಾರತದಲ್ಲೇ ಇರಲಿಲ್ಲ ಅಂತ ಅವನ ಪಾಸ್‌ಪೋರ್ಟಿನ ಇಮಿಗ್ರೇಶನ್ ಮುದ್ರೆಯೇ ಸಾಕ್ಷಿ ಹೇಳುತ್ತದೆ. ಅಪ್ಪನ ಪ್ರೀತಿ ಎಷ್ಟೇ ದೊಡ್ಡದಿರಲಿ, ಅದು ಸುಳ್ಳು ದಾಖಲೆ.

ಹೆಸರು ಎಂಬ ಕಗ್ಗಂಟು

ಅರ್ಧ ದಿನ ಇಲ್ಲೇ ಹೋಗುತ್ತದೆ. ಇಟಲಿಯ ತೊರೀನೊದಲ್ಲಿ ಓದಲು ಹೋಗಿ ಅಲ್ಲಿಯ ಹುಡುಗನನ್ನೇ ಮೆಚ್ಚಿಕೊಂಡ ನಮ್ಮೂರ ಹುಡುಗಿಯೊಬ್ಬಳ ಕಾಗದ ನಾನು ಮಾಡಿದ್ದೆ. ಹೆಸರು ಬದಲಿಸಿ ಹೇಳುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ‘ಸ್ಮಿತಾ ಹೆಚ್.ಬಿ.’ ಪಾಸ್‌ಪೋರ್ಟಿನಲ್ಲಿ ‘ಸ್ಮಿತಾ’ ಮೊದಲ ಹೆಸರು, ‘ಹೊನ್ನಾಳಿ ಬಸವರಾಜಪ್ಪ’ ಮನೆತನದ ಹೆಸರು. ಜನನ ಪ್ರಮಾಣಪತ್ರದಲ್ಲಿ ತಂದೆ ‘ಬಸವರಾಜ್’. ತಂದೆಯ ಆಧಾರಿನಲ್ಲಿ ‘ಬಸವರಾಜಪ್ಪ ಹೆಚ್’. ತಾಯಿ ಒಂದು ಕಡೆ ಗಿರಿಜಾ, ಇನ್ನೊಂದು ಕಡೆ ಗಿರಿಜಮ್ಮ. ನಮಗೆ ಇವರೆಲ್ಲ ಯಾರೆಂದು ಹೇಳಲು ಅರೆನಿಮಿಷ ಬೇಡ. ಇಟಲಿಯ ಗುಮಾಸ್ತನಿಗೆ ಇವರು ನಾಲ್ಕೈದು ಮಂದಿ. ಅದರ ಮೇಲೆ ಅವನಿಗೆ ಇನ್ನೊಂದು ಸಮಸ್ಯೆ: ಬಸವರಾಜಪ್ಪ ಅನ್ನುವುದು ಅಪ್ಪನ ಹೆಸರೋ, ವಂಶದ ಹೆಸರೋ? ಹೊನ್ನಾಳಿ ಊರೋ, ಮನುಷ್ಯನೋ?

ನಾನು ಪಾಲಿಸುವ ನಿಯಮ ಇಷ್ಟೇ. ಮದುವೆಯಾಗುವವರ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆ, ಅಕ್ಷರಕ್ಕೆ ಅಕ್ಷರ. ಇನಿಷಿಯಲ್ ಬಿಡಿಸಿದ್ದರೆ ಬಿಡಿಸಿದ್ದೇ, ಜಾಗ ಬಿಟ್ಟಿದ್ದರೆ ಬಿಟ್ಟಲ್ಲೇ. ತಂದೆ ತಾಯಿಯ ಹೆಸರು ಮಗಳ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಹೇಗಿದೆಯೋ ಹಾಗೆ. ಅವರ ಆಧಾರಿನಲ್ಲಿ ಬೇರೆ ರೀತಿ ಇದ್ದರೆ ‘ಉರುಫ್’ ಹಾಕಿ ಅದನ್ನೂ ಸೇರಿಸುತ್ತೇನೆ. ವ್ಯತ್ಯಾಸ ದೊಡ್ಡದಿದ್ದರೆ “ಈ ಎರಡೂ ಹೆಸರಿನ ವ್ಯಕ್ತಿ ನಾನೊಬ್ಬನೇ” ಎಂದು ಬೇರೆಯದೇ ಅಫಿಡವಿಟ್ಟು, ಅದಕ್ಕೂ ಇದರ ಹಾಗೆಯೇ ಎಲ್ಲ ಮುದ್ರೆ. ಜನನ ಪ್ರಮಾಣಪತ್ರವೇ ತಪ್ಪಿದ್ದರೆ ಅದನ್ನು ತಿದ್ದಿಸದೆ ಮುಂದೆ ಹೋಗಬೇಡಿ. ಏಕೆಂದರೆ ಅದೂ ಇದರ ಜೊತೆಗೇ ಹೊರದೇಶಕ್ಕೆ ಹೋಗಬೇಕಾದ ಕಾಗದ. ಹಳೆಯ ಪ್ರಮಾಣಪತ್ರ ಎಷ್ಟೋ ಮನೆಗಳಲ್ಲಿ ಮಗುವಿನ ಹೆಸರೇ ಇಲ್ಲದೆ, ಬರೀ ‘ಹೆಣ್ಣು’ ಅಂತಿರುತ್ತದೆ. ಹೆರಿಗೆಯಾದ ವಾರ ಬರೆಸಿದ್ದು, ನಾಮಕರಣ ಆಮೇಲೆ ಆಯಿತು, ಪಾಲಿಕೆಗೆ ಹೋಗಿ ಹೆಸರು ಸೇರಿಸುವುದು ಮರೆತುಹೋಯಿತು. ಇಪ್ಪತ್ತೆಂಟು ವರ್ಷದ ಮೇಲೆ ಅದು ನೆನಪಾಗುವುದು ಇಂಥ ಹೊತ್ತಿಗೇ.

ಬರೆಯುವುದು ಏನು

ಇಂಗ್ಲಿಷಿನಲ್ಲಿ ಬರೆಯುತ್ತೇವೆ, ಬೆಂಗಳೂರಿನ ಆಚೆ ಕನ್ನಡ ಓದುವವರು ಸಿಗುವುದಿಲ್ಲವಾದ್ದರಿಂದ. ಆದರೆ ಪ್ರಮಾಣ ಮಾಡುವ ತಾಯಿಗೆ ಇಂಗ್ಲಿಷ್ ಬಾರದಿದ್ದರೆ “ಇದರ ಒಕ್ಕಣೆಯನ್ನು ಕನ್ನಡದಲ್ಲಿ ಓದಿ ವಿವರಿಸಲಾಯಿತು, ಅರ್ಥ ಮಾಡಿಕೊಂಡು ಸಹಿ ಹಾಕಿದ್ದಾರೆ” ಎಂಬ ಸಾಲು ಕೊನೆಯಲ್ಲಿ ಇರಲೇಬೇಕು. ಬರೀ ಬರೆದರೆ ಸಾಲದು, ನಿಜವಾಗಿ ಓದಿ ಹೇಳಬೇಕು. ಕನ್ನಡದಲ್ಲೇ ಸಹಿ ಹಾಕಲಿ, ಹೆಬ್ಬೆಟ್ಟಾದರೂ ತೊಂದರೆಯಿಲ್ಲ.

ಒಕ್ಕಣೆಯಲ್ಲಿ ಬರಬೇಕಾದ್ದು: ಪ್ರಮಾಣ ಮಾಡುವವರು ಯಾರು, ವಯಸ್ಸು, ವಿಳಾಸ, ಆಧಾರ್ ಅಥವಾ ಪಾಸ್‌ಪೋರ್ಟ್ ವಿವರ. ಮದುವೆಯಾಗುವವರ ಪೂರ್ತಿ ಹೆಸರು, ಹುಟ್ಟಿದ ದಿನ ಮತ್ತು ಊರು, ಪಾಸ್‌ಪೋರ್ಟ್ ನಂಬರು, ಅದು ಕೊಟ್ಟ ದಿನ, ಈಗಿರುವ ವಿದೇಶದ ವಿಳಾಸ, ಎಂದಿನಿಂದ ಅಲ್ಲಿದ್ದಾರೆ. ಆಮೇಲೆ ಮುಖ್ಯ ಸಾಲು. ಬರೀ ‘ಅನ್‌ಮ್ಯಾರೀಡ್’ ಅಂತ ಬರೆದರೆ ನನಗೆ ಸಮಾಧಾನವಿಲ್ಲ. ಅದು ಇವತ್ತಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. “ಹುಟ್ಟಿದಂದಿನಿಂದ ಇಂದಿನವರೆಗೆ ಭಾರತದಲ್ಲಾಗಲಿ ಬೇರೆಲ್ಲಾಗಲಿ, ಯಾವ ಕಾನೂನಿನಡಿಯಲ್ಲೂ, ಯಾವ ಧಾರ್ಮಿಕ ವಿಧಿ ಅಥವಾ ರೂಢಿಯ ಪ್ರಕಾರವೂ ಮದುವೆಯಾಗಿಲ್ಲ, ಮದುವೆಯಾಗಲು ಕಾನೂನಿನ ಅಡ್ಡಿ ಯಾವುದೂ ಇಲ್ಲ” ಎಂದು ಬಿಡಿಸಿ ಬರೆಯುತ್ತೇನೆ. ಯಾರನ್ನು ಮದುವೆಯಾಗುತ್ತಾರೆ, ಅವರ ಪೌರತ್ವ, ಯಾವ ದೇಶದಲ್ಲಿ ಮದುವೆ ಅನ್ನುವುದನ್ನು ಕೇಳಿದ್ದರೆ ಮಾತ್ರ ಸೇರಿಸಿ. ತಾರೀಖುಗಳಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ; 5-6 ಅಂದರೆ ಜೂನ್ ಐದೋ ಮೇ ಆರೋ ಎಂಬ ಜಗಳ ಬೇಡ.

ವಿಚ್ಛೇದನ ಆದವರು ‘ಅವಿವಾಹಿತ’ ಅಲ್ಲ. ಇದನ್ನು ಹೇಳಿದಾಗ ಕೆಲವರಿಗೆ ನೋವಾಗುತ್ತದೆ, “ಆರು ತಿಂಗಳು ಬಾಳಿಲ್ಲ ಕಣಕ್ಕ, ಅದನ್ನೂ ಬರೀಬೇಕಾ” ಅಂತಾರೆ. ಬರೆಯಬೇಕು. ಹಿಂದಿನ ಮದುವೆ ಎಂದು ಆಯಿತು, ಯಾವ ಕೋರ್ಟಿನ ಡಿಕ್ರಿಯಿಂದ ಎಂದು ಮುಗಿಯಿತು, ಮೇಲ್ಮನವಿಯ ಅವಧಿ ಕಳೆದಿದೆ, ಮೇಲ್ಮನವಿ ಯಾರೂ ಹೋಗಿಲ್ಲ ಎಂದು ಬರೆದು, ಡಿಕ್ರಿಯ ದೃಢೀಕೃತ ನಕಲನ್ನು ಲಗತ್ತಿಸಬೇಕು. ಗಂಡ ಅಥವಾ ಹೆಂಡತಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ. ಇಟಲಿಯ ಕಾನೂನಿನಲ್ಲಿ ಹಿಂದಿನ ಮದುವೆ ಮುಗಿದ ಹೆಂಗಸು 300 ದಿನ ಕಾಯಬೇಕೆಂಬ ಕಲಮು ಈಗಲೂ ಇದೆ, ಹೊರದೇಶದವರಿಗೂ ಅನ್ವಯಿಸುತ್ತದೆ. ಗಂಡಸಿಗೆ ಆ ಕಾಯುವಿಕೆ ಇಲ್ಲ. ನಮ್ಮ ಅಜ್ಜಿಯಂದಿರ ಕಾಲದ ನಿಯಮ ನಮ್ಮಲ್ಲಷ್ಟೇ ಇದೆ ಅಂದುಕೊಂಡಿದ್ದೆ.

ಇನ್ನು ನಾನು ಕೆಲಸ ಮಾಡಿಕೊಡದೆ ಕಳಿಸಿದ ಪ್ರಕರಣಗಳು. ಹುಡುಗ ರಜೆಗೆ ಬಂದಿದ್ದಾಗ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಬಿಟ್ಟಿರುತ್ತಾರೆ. ಹಿರಿಯರಿಗೆ ಸಮಾಧಾನ, ಐವತ್ತು ಜನಕ್ಕೆ ಊಟ. ರಿಜಿಸ್ಟರ್ ಮಾಡಿಸಿಲ್ಲ. “ಕಾನೂನು ಪ್ರಕಾರ ಇನ್ನೂ ಆಗಿಲ್ಲ ಅಲ್ವೇನಮ್ಮ, ಅಲ್ಲೇ ಹೋಗಿ ರಿಜಿಸ್ಟರ್ ಆಗ್ತಾರೆ, ಮದುವೆ ಆಗಿಲ್ಲ ಅಂತ ಒಂದು ಕಾಗದ ಮಾಡು” ಅನ್ನುತ್ತಾರೆ. ತಪ್ಪು ತಿಳಿವಳಿಕೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆ ಆಗುವುದು ಶಾಸ್ತ್ರದಿಂದ, ಪದ್ಧತಿಯಿಂದ. ರಿಜಿಸ್ಟರ್ ಅನ್ನುವುದು ಆದದ್ದಕ್ಕೆ ದಾಖಲೆ ಮಾತ್ರ. ತಾಳಿ ಕಟ್ಟಿ ಸಪ್ತಪದಿ ತುಳಿದವನು ಮದುವೆಯಾದವನೇ. ಅವನಿಗೆ ಬೇಕಾದದ್ದು ಈ ಕಾಗದ ಅಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಆ ಮದುವೆಯನ್ನೇ ನೋಂದಾಯಿಸಿ, ಆ ಸರ್ಟಿಫಿಕೇಟಿಗೆ ಅಪೊಸ್ಟೀಲ್ ಮಾಡಿಸಿದರೆ ಕೆಲಸ ಇನ್ನೂ ಸಲೀಸು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ಗಾದೆಯನ್ನು ನನ್ನೆದುರು ಹೇಳಿದವರುಂಟು. ಆ ಸಾವಿರದಲ್ಲಿ ಒಂದನ್ನೂ ಪ್ರಮಾಣದ ಕೆಳಗೆ ಬರೆಯುವಂತಿಲ್ಲ. ಸುಳ್ಳು ಪ್ರಮಾಣಕ್ಕೆ ಮೊದಲು ದಂಡ ಸಂಹಿತೆ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೆಸರು ಬದಲಾಯಿತು, ಜೈಲು ಬದಲಾಗಲಿಲ್ಲ.

ನಿಶ್ಚಿತಾರ್ಥ ಮಾತ್ರ ಆಗಿದ್ದರೆ ಭಯವಿಲ್ಲ. ಅದು ಮದುವೆಯಲ್ಲ.

ಛಾಪಾ ಕಾಗದ, ನೋಟರಿ

ನಕಲಿ ಛಾಪಾ ಕಾಗದದ ತೆಲಗಿ ಹಗರಣವಾದ ಮೇಲೆ ಹಳೆಯ ಛಾಪಾ ಕಾಗದ ನಮ್ಮ ರಾಜ್ಯದಲ್ಲಿ ನಿಂತುಹೋಗಿ, ಈಗ ಇ-ಸ್ಟ್ಯಾಂಪ್. ಸಹಕಾರಿ ಬ್ಯಾಂಕು, ಸೌಹಾರ್ದ ಸೊಸೈಟಿಗಳಲ್ಲಿ ಕೊಡುತ್ತಾರೆ. ಅಫಿಡವಿಟ್ಟಿಗೆ 2024ರ ಫೆಬ್ರುವರಿಗೆ ಮುಂಚೆ 20 ರೂಪಾಯಿ ಇತ್ತು, ಈಗ 100 ರೂಪಾಯಿ. ಹಳೆಯ ಲೆಕ್ಕದಲ್ಲಿ 20ರದ್ದನ್ನು ತಂದರೆ ಬೆಂಗಳೂರಿನಲ್ಲಿ ವಾಪಸ್ ಬರುತ್ತದೆ. ಮೊದಲ ಪಕ್ಷಗಾರರ ಜಾಗದಲ್ಲಿ ಪ್ರಮಾಣ ಮಾಡುವವರ ಹೆಸರೇ ಇರಲಿ, ಅಂಗಡಿಗೆ ಕಳಿಸಿದ ಮೈದುನನ ಹೆಸರು ಬೇಡ. ಉದ್ದೇಶದ ಜಾಗದಲ್ಲಿ ‘ಅಫಿಡವಿಟ್’ ಅಂತಿರಬೇಕು, ‘ಅಗ್ರಿಮೆಂಟ್’ ಅಂತಲ್ಲ. ಕೌಂಟರಿನಿಂದ ಸರಿಯುವ ಮುಂಚೆ ಓದಿಕೊಳ್ಳಿ.

ನೋಟರಿಯ ಎದುರು ಇಬ್ಬರೂ ಖುದ್ದಾಗಿ ಹೋಗಬೇಕು, ಮೂಲ ಗುರುತಿನ ಚೀಟಿ ಸಮೇತ. ಗುರುತಿಸುವ ವಕೀಲರ ಸಹಿಯೂ ಕೆಳಗೆ ಬರುತ್ತದೆ. ನೋಟರಿಯ ದುಂಡನೆಯ ಮುದ್ರೆ, ಹೆಸರು, ನೋಂದಣಿ ಸಂಖ್ಯೆ, ಅವರ ರಿಜಿಸ್ಟರಿನ ಕ್ರಮಸಂಖ್ಯೆ, ತಾರೀಖು ಎಲ್ಲ ಸ್ಪಷ್ಟವಾಗಿ ಓದುವಂತಿರಲಿ. ನೋಟರಿ ಪರವಾನಗಿ ಐದೈದು ವರ್ಷಕ್ಕೆ ನವೀಕರಣ ಆಗಬೇಕಾದ್ದು. ಮುದ್ರೆಯಲ್ಲಿ ಅವಧಿ ಮುಗಿದ ದಿನ ಕಂಡರೆ ಮರ್ಯಾದೆಯಿಂದಲೇ ಕೇಳಿ. ಕೆಲವು ದೂತಾವಾಸಗಳು ನೋಟರಿ ಸಾಲದು, ಮ್ಯಾಜಿಸ್ಟ್ರೇಟರ ಎದುರೇ ಪ್ರಮಾಣ ಆಗಬೇಕು ಅನ್ನುತ್ತವೆ. ಅದಕ್ಕೇ ಮೊದಲು ಪಟ್ಟಿ ಕೇಳಿದ್ದು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಆ ಸ್ಮಿತಾಳ ಕಾಗದ ಎರಡು ಹಾಳೆ ಆಯಿತು. ಮೊದಲ ಹಾಳೆ ಇ-ಸ್ಟ್ಯಾಂಪ್, ಎರಡನೆಯದು ಬರೀ ಬಿಳಿ ಹಾಳೆ. ಸಹಿ, ಮುದ್ರೆ ಎಲ್ಲ ಎರಡನೆಯ ಹಾಳೆಯ ಕೊನೆಯಲ್ಲಿ. ಮೊದಲ ಹಾಳೆಯಲ್ಲಿ ಯಾರ ಸಹಿಯೂ ಇಲ್ಲ, ಎರಡನೆಯದರಲ್ಲಿ ಇ-ಸ್ಟ್ಯಾಂಪಿನ ನಂಬರಿಲ್ಲ. ಸ್ಟೇಪಲ್ ಪಿನ್ ಬಿಚ್ಚಿದರೆ ಎರಡೂ ಒಂದಕ್ಕೊಂದು ಸಂಬಂಧವಿಲ್ಲದ ಹಾಳೆಗಳು. ಬೆಂಗಳೂರಿಂದ ಹಾಗೇ ತಿರುಗಿ ಬಂತು. ಬಸವರಾಜಪ್ಪನವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಇಡೀ ಒಕ್ಕಣೆಯನ್ನು ಒಂದೇ ಹಾಳೆಗೆ ಕೂಡಿಸಲು ನೋಡುತ್ತೇನೆ. ಆಗದಿದ್ದರೆ ಪ್ರತಿ ಹಾಳೆಗೂ ಇಬ್ಬರ ಸಹಿ, ನೋಟರಿಯ ಮುದ್ರೆ, ಮೇಲೆ ಇ-ಸ್ಟ್ಯಾಂಪಿನ ನಂಬರು. ಹಿಂಬದಿ ಪೂರ್ತಿ ಖಾಲಿ ಬಿಡುತ್ತೇನೆ, ಮುಂದಿನ ಮುದ್ರೆಗಳು ಕೂರಬೇಕಲ್ಲ. ಲ್ಯಾಮಿನೇಶನ್ ಮಾತ್ರ ಯಾವ ಕಾರಣಕ್ಕೂ ಮಾಡಿಸಬೇಡಿ.

ಬೆಂಗಳೂರಿನ ಎರಡು ಮೆಟ್ಟಿಲು

ಮೊದಲ ಮೆಟ್ಟಿಲು ರಾಜ್ಯದ ಗೃಹ ಇಲಾಖೆ. ಓದಿನ ಸರ್ಟಿಫಿಕೇಟಾದರೆ ಶಿಕ್ಷಣ ಇಲಾಖೆಯ ದಾರಿ. ಜನನ, ಮರಣ, ಮದುವೆ, ಅಫಿಡವಿಟ್ಟಿನಂಥ ಸ್ವಂತ ಕಾಗದಗಳಿಗೆ ಗೃಹ ಇಲಾಖೆ. ಎರಡನೆಯ ಮೆಟ್ಟಿಲು ಕೇಂದ್ರದ ವಿದೇಶಾಂಗ ಸಚಿವಾಲಯ. ಇದಕ್ಕೆ ದೆಹಲಿಗೆ ಹೋಗಬೇಕಾಗಿಲ್ಲ, ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯಲ್ಲೇ ಆಗುತ್ತದೆ. ಆದರೆ ಕೌಂಟರಿಗೆ ನೀವೇ ಹೋಗಿ ಕೊಡುವಂತಿಲ್ಲ. 2012ರ ಜುಲೈಯಿಂದ ಸಚಿವಾಲಯ ನೇಮಿಸಿದ ಏಜೆನ್ಸಿಗಳ ಮೂಲಕವೇ. ಅವುಗಳ ಹೆಸರು ಸಚಿವಾಲಯದ ವೆಬ್‌ಸೈಟಿನಲ್ಲಿದೆ. ಅಪೊಸ್ಟೀಲಿಗೆ ಸರಕಾರದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ, ಅದರ ಮೇಲೆ ಏಜೆನ್ಸಿಯ ಸಣ್ಣ ಸೇವಾ ಶುಲ್ಕ. ಕೋರ್ಟಿನ ಸುತ್ತ ಓಡಾಡುವ ಮಧ್ಯವರ್ತಿಗಳು ಹೇಳುವ ಮೊತ್ತಕ್ಕೂ ಈ ಮೊತ್ತಕ್ಕೂ ನಡುವೆ ಇರುವ ಅಂತರವನ್ನು ನೀವೇ ಲೆಕ್ಕ ಹಾಕಿ. ವಯಸ್ಸಾದವರು, ಬೆಂಗಳೂರಿಗೆ ಓಡಾಡಲಾಗದವರು ಅವರಿಗೆ ಕೊಟ್ಟರೆ ತಪ್ಪೇನಿಲ್ಲ. ಯಾವ ಮೆಟ್ಟಿಲಿಗೆ ಎಷ್ಟು ಅಂತ ಬಿಡಿಸಿ ಬರೆಸಿಕೊಂಡು ಕೊಡಿ.

ಅಪೊಸ್ಟೀಲ್ ಅಂದರೆ ಏನು ಅಂತ ಕೇಳುವವರಿಗೆ ನಾನು ಹಳೆಯ ಮೈಸೂರು ಸೀಮೆಯ ಉದಾಹರಣೆ ಕೊಡುತ್ತೇನೆ. ರೈತನನ್ನು ಶ್ಯಾನುಭೋಗರು ಬಲ್ಲರು, ಶ್ಯಾನುಭೋಗರನ್ನು ಅಮಲ್ದಾರರು ಬಲ್ಲರು, ಅಮಲ್ದಾರರ ಸಹಿಯನ್ನು ಹುಜೂರು ಬಲ್ಲದು. ಹಾಗೆ, ನೋಟರಿಯ ಸಹಿ ನಿಜವೆಂದು ಗೃಹ ಇಲಾಖೆ ಹೇಳುತ್ತದೆ, ಗೃಹ ಇಲಾಖೆಯ ಸಹಿ ನಿಜವೆಂದು ಸಚಿವಾಲಯ ಹೇಳುತ್ತದೆ. ಹುಡುಗಿಗೆ ಮದುವೆಯಾಗಿಲ್ಲ ಅಂತ ಇವರಲ್ಲಿ ಯಾರೂ ಹೇಳುವುದಿಲ್ಲ! ಅದನ್ನು ಹೇಳಿದ್ದು ಅಪ್ಪ ಅಮ್ಮ ಮಾತ್ರ. 1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ಆದ ಒಪ್ಪಂದದ ಪ್ರಕಾರ ಕಾಗದದ ಹಿಂದೆ ಅಂಟಿಸುವ ಚೌಕಾಕಾರದ ಚೀಟಿ ಇದು. ಅದರಲ್ಲಿ ಹತ್ತು ಸಾಲು, ಯಾವ ದೇಶದಲ್ಲಾದರೂ ಅದೇ ಹತ್ತು ಸಾಲು, ತಲೆಬರಹ ಫ್ರೆಂಚಿನಲ್ಲಿ. ಭಾರತಕ್ಕೆ ಇದು ಜಾರಿಗೆ ಬಂದದ್ದು 2005ರ ಜುಲೈ 14ರಂದು. ಈ ಚೀಟಿ ಇದ್ದರೆ ಒಪ್ಪಂದದಲ್ಲಿರುವ ದೇಶದ ದೂತಾವಾಸಕ್ಕೆ ಮತ್ತೆ ಅಲೆಯಬೇಕಾಗಿಲ್ಲ. ಚೀಟಿಯ ನಂಬರನ್ನು ಆನ್‌ಲೈನಿನಲ್ಲಿ ಹಾಕಿ ಅಸಲಿಯೋ ನಕಲಿಯೋ ನೋಡಬಹುದು. ಕೈಗೆ ಬಂದ ದಿನವೇ ನೋಡಿ.

ಒಪ್ಪಂದದಲ್ಲಿಲ್ಲದ ದೇಶಗಳ ದಾರಿ ಉದ್ದ. ದುಬೈ, ಅಬುಧಾಬಿಯ ಎಮಿರೇಟ್ಸ್ ಅದರಲ್ಲಿಲ್ಲ. ಅಲ್ಲಿಗೆ ಸಚಿವಾಲಯದ ಸಾಮಾನ್ಯ ದೃಢೀಕರಣ, ಆಮೇಲೆ ಭಾರತದಲ್ಲಿರುವ ಎಮಿರೇಟ್ಸ್ ದೂತಾವಾಸದ ಮುದ್ರೆ, ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಇಲಾಖೆಯ ಮುದ್ರೆ. ಪಟ್ಟಿ ಬದಲಾಗುತ್ತಲೂ ಇರುತ್ತದೆ: ಸೌದಿ ಅರೇಬಿಯಾ 2022ರ ಡಿಸೆಂಬರಿನಲ್ಲಿ, ಕೆನಡಾ 2024ರ ಜನವರಿಯಲ್ಲಿ ಒಪ್ಪಂದದೊಳಗೆ ಬಂದವು. ಐದು ವರ್ಷದ ಹಿಂದೆ ಭಾವನ ಮಗನಿಗೆ ಹೇಗೆ ಮಾಡಿಸಿದ್ದರೋ ಹಾಗೇ ಮಾಡಿಸಲು ಹೋಗಬೇಡಿ.

ಕಾಗದ ಅಲ್ಲಿಗೆ ತಲುಪಿದ ಮೇಲೆ

ಇಟಲಿಯಲ್ಲಿ ಮದುವೆಯಾಗುವ ಹೊರದೇಶದವರು ತಮ್ಮ ದೇಶದಿಂದ ‘ನುಲ್ಲಾ ಓಸ್ತಾ’ ತರಬೇಕು. ಅದರ ಅರ್ಥವೇ ‘ಅಡ್ಡಿಯಿಲ್ಲ’. ಸ್ಮಿತಾಳ ಅಮ್ಮನಿಗೆ ಇದನ್ನು ಹೇಳಿದಾಗ ನಕ್ಕುಬಿಟ್ಟರು: “ಅಡ್ಡಿ ಇಲ್ಲ ಅಂತ ನಾವು ಒಪ್ಪೋಕೇ ಒಂದು ವರ್ಷ ಬೇಕಾಯ್ತು, ಸರಕಾರ ಒಂದು ತಿಂಗಳಲ್ಲಿ ಕೊಡುತ್ತೇನು?” ಉತ್ತರ ಇಟಲಿಗೆ ಮಿಲಾನಿನಲ್ಲಿ ನಮ್ಮ ಕಾನ್ಸುಲೇಟ್ ಇದೆ. ಇಲ್ಲಿಂದ ಹೋದ ಅಪೊಸ್ಟೀಲ್ ಆದ ಅಫಿಡವಿಟ್ಟು, ಪಾಸ್‌ಪೋರ್ಟು, ಜನನ ಪ್ರಮಾಣಪತ್ರ ಇಟ್ಟು ಅವಳು ಅಲ್ಲಿ ನುಲ್ಲಾ ಓಸ್ತಾ ಪಡೆದಳು. ಅದಕ್ಕೂ ಒಂದು ಮುದ್ರೆ ಬೇಕು: ಕಾನ್ಸುಲ್ ಅಧಿಕಾರಿಯ ಸಹಿ ನಿಜವೆಂದು ಇಟಲಿಯ ಪ್ರಿಫೆಕ್ಚರ್ ಕಚೇರಿ (ನಮ್ಮ ಡಿ.ಸಿ. ಆಫೀಸಿನಂಥದ್ದು) ದೃಢೀಕರಿಸಬೇಕು, 16 ಯೂರೋದ ರೆವಿನ್ಯೂ ಸ್ಟ್ಯಾಂಪ್ ಹಚ್ಚಿ. ಶ್ಯಾನುಭೋಗ, ಅಮಲ್ದಾರ ಅಲ್ಲಿಯೂ ಇದ್ದಾರೆ. ಆಮೇಲೆ ನಗರಸಭೆಯವರು ಮದುವೆಯ ಪ್ರಕಟಣೆ ಹಾಕುತ್ತಾರೆ. ಅದು ಮುಗಿದ ಮೇಲೆ 180 ದಿನದ ಒಳಗೆ ಮದುವೆ ಆಗಿಬಿಡಬೇಕು.

ಅನುವಾದದ ಬಗ್ಗೆ ಒಂದು ಮಾತು, ದುಡ್ಡು ಉಳಿಸುವ ಮಾತು. ಎಲ್ಲ ಮುದ್ರೆ ಬಿದ್ದ ಮೇಲೆ ಅನುವಾದ ಮಾಡಿಸಿ. ಮೊದಲೇ ಮಾಡಿಸಿದರೆ ಹಿಂಬದಿಯ ಅಪೊಸ್ಟೀಲ್ ಅನುವಾದದಲ್ಲಿ ಇರುವುದಿಲ್ಲ, ಮತ್ತೆ ಮಾಡಿಸಬೇಕಾಗುತ್ತದೆ. ಇಲ್ಲಿ ಭಾಷೆ ಬಲ್ಲವರಿಂದ ಮಾಡಿಸುವುದಕ್ಕಿಂತ ಅಲ್ಲಿಯ ಕೋರ್ಟಿನಲ್ಲಿ ಪ್ರಮಾಣ ಮಾಡುವ ಅನುವಾದಕರಿಂದ ಮಾಡಿಸುವುದು ಕ್ಷೇಮ.

ಇನ್ನು ಮುಹೂರ್ತ. ಈ ಕಾಗದಕ್ಕೆ ಆಯಸ್ಸು ಕಡಿಮೆ. ಮೂರು ತಿಂಗಳು, ಆರು ತಿಂಗಳು, ಹೆಚ್ಚಿನ ಕಡೆ ಅಷ್ಟೇ. ನನ್ನ ಗಿರಾಕಿಗಳ ಅನುಭವದಲ್ಲಿ ಬೆಂಗಳೂರಿನ ಎರಡೂ ಮೆಟ್ಟಿಲಿಗೆ ಒಂದೆರಡು ವಾರ, ಕೊರಿಯರಿಗೆ ಒಂದು ವಾರ. ಬೇಗ ಮಾಡಿಸಿಟ್ಟರೆ ಹಳಸುತ್ತದೆ, ತಡ ಮಾಡಿದರೆ ತಲುಪುವುದಿಲ್ಲ. ತಿದ್ದಬೇಕಾದ ಜನನ ಪ್ರಮಾಣಪತ್ರದಂಥವನ್ನು ವರ್ಷ ಮೊದಲೇ ತಿದ್ದಿಸಿ, ಅಫಿಡವಿಟ್ಟನ್ನು ಮಾತ್ರ ಕೊನೆಗೆ ಮಾಡಿಸಿ.

ಜರ್ಮನಿಯದು ಬೇರೆಯೇ ಕಥೆ

ಜರ್ಮನಿ ಹೇಗ್ ಒಪ್ಪಂದದಲ್ಲಿದೆ, ಭಾರತವೂ ಇದೆ. ಆದರೂ ಭಾರತದ ಅಪೊಸ್ಟೀಲನ್ನು ಜರ್ಮನಿ ಒಪ್ಪುವುದಿಲ್ಲ. ಭಾರತ ಸೇರುವಾಗಲೇ ಆಕ್ಷೇಪ ಹಾಕಿತ್ತು. ಸ್ಟುಟ್‌ಗಾರ್ಟಿನಲ್ಲಿದ್ದ ಹುಡುಗನೊಬ್ಬನ ತಂದೆಗೆ ಮಧ್ಯವರ್ತಿಯೊಬ್ಬ ಮೂರು ಕಾಗದಕ್ಕೂ ಅಪೊಸ್ಟೀಲ್ ಮಾಡಿಸಿಕೊಟ್ಟು ಒಳ್ಳೆಯ ದುಡ್ಡೇ ತೆಗೆದುಕೊಂಡಿದ್ದ. ಅಲ್ಲಿ ಅವು ಕೆಲಸಕ್ಕೆ ಬರಲಿಲ್ಲ.

ಅಲ್ಲಿ ನಡೆಯುವುದು ಹೀಗೆ. ಕಾಗದಗಳನ್ನು ಹುಡುಗ ಅಲ್ಲಿನ ವಿವಾಹ ನೋಂದಣಿ ಕಚೇರಿಗೆ ಕೊಡುತ್ತಾನೆ. ಆ ಕಚೇರಿ ಭಾರತದಲ್ಲಿರುವ ಜರ್ಮನ್ ದೂತಾವಾಸಕ್ಕೆ ಪರಿಶೀಲನೆಗೆ ಬರೆಯುತ್ತದೆ. ದೂತಾವಾಸ ತನ್ನ ನಂಬಿಕೆಯ ವಕೀಲರ ಮೂಲಕ ಊರಿಗೇ ಜನ ಕಳಿಸಿ ವಿಚಾರಿಸುತ್ತದೆ: ಜನನ ನೋಂದಣಿ ಪುಸ್ತಕ, ಓದಿದ ಶಾಲೆ, ಮನೆ, ನೆರೆಹೊರೆ. ಖರ್ಚು ನಿಮ್ಮದೇ, ಕಾಯುವುದು ತಿಂಗಳುಗಟ್ಟಲೆ. ಅದೆಲ್ಲ ಮುಗಿದ ಮೇಲೆ ಅಲ್ಲಿಯ ಉನ್ನತ ಪ್ರಾದೇಶಿಕ ನ್ಯಾಯಾಲಯದ ಅಧ್ಯಕ್ಷರು, ನಿಮ್ಮ ದೇಶ ಕೊಡಲಾಗದ ವಿವಾಹ ಅರ್ಹತೆಯ ಪತ್ರದಿಂದ ವಿನಾಯಿತಿ ಕೊಡುತ್ತಾರೆ. ಆ ವಿನಾಯಿತಿಗೂ ಆರು ತಿಂಗಳ ಆಯಸ್ಸು. ಇಲ್ಲಿ ಮುದ್ರೆಗಳಿಗಿಂತ ಊರಿನ ಬಾಯಿಗೆ ಬೆಲೆ. ಆದ್ದರಿಂದ ಜರ್ಮನಿಗೆ ಹೋಗುವ ಕಾಗದವಾದರೆ ನಾನು ಹೇಳುವುದು: ಈ ಪರಿಶೀಲನೆಗೆ ತುಂಬಿಕೊಡುವ ಪ್ರಶ್ನಾವಳಿಯಲ್ಲಿ ಸಂಬಂಧಿಕರ ಹೆಸರು, ಫೋನ್ ನಂಬರ್, ಮನೆಯ ಗುರುತು ಸರಿಯಾಗಿ ತುಂಬಿ, ಹಳೆಯ ಬಾಡಿಗೆ ಮನೆಯ ವಿಳಾಸವನ್ನೂ ಬಿಡಬೇಡಿ. ಮತ್ತೆ, ಅಕ್ಕಪಕ್ಕದವರಿಗೆ ಮುಂಚೆಯೇ ಒಂದು ಮಾತು ತಿಳಿಸಿ. ಸುಳ್ಳು ಹೇಳಿಕೊಡಬೇಡಿ, ಯಾರೋ ಬಂದು ವಿಚಾರಿಸಬಹುದು ಅಂತ ಹೇಳಿಡಿ.

ಸ್ಟುಟ್‌ಗಾರ್ಟಿನ ಹುಡುಗನ ಮನೆಯವರು ಇದನ್ನು ಮಾಡಿರಲಿಲ್ಲ, ಯಾರಿಗೂ ಗೊತ್ತಾಗದಿರಲಿ ಅಂತ ಬಾಯಿ ಮುಚ್ಚಿಕೊಂಡಿದ್ದರು. ವಿಚಾರಿಸಲು ಬಂದವನು ಬೀದಿ ತುದಿಯ ಕಿರಾಣಿ ಅಂಗಡಿಯಲ್ಲಿ ಕೇಳಿದ. ಅಂಗಡಿಯವರು ಒಳ್ಳೆಯ ಮನುಷ್ಯ, ಹುಡುಗನಿಗೆ ಏನೂ ತೊಂದರೆಯಾಗಬಾರದೆಂದು ಹೊಗಳಿಯೇ ಹೇಳಿದರು: “ಅವರಾ? ಭಾರಿ ಒಳ್ಳೆ ಹುಡುಗ ಸಾರ್. ಹೊರದೇಶದಾಗದಾನೆ. ಹೋದ ವರ್ಷ ಮದುವೆ ಆಯ್ತಲ್ಲ, ನಾನೇ ಹೋಗಿದ್ದೆ ಊಟಕ್ಕೆ.” ಊಟಕ್ಕೆ ಹೋದದ್ದು ನಿಜ, ಮದುವೆಯೂ ನಿಜ, ಆದರೆ ಅದು ಮಸ್ಕತ್ತಿನಲ್ಲಿರುವ ಅಣ್ಣನದು. ಅಣ್ಣನ ಮದುವೆ ಸರ್ಟಿಫಿಕೇಟು, ಲಗ್ನಪತ್ರಿಕೆ, ಮದುವೆ ಫೋಟೋ, ಅಣ್ಣ ತಮ್ಮ ಇಬ್ಬರೂ ಬೇರೆ ಬೇರೆ ಅಂತ ತೋರಿಸುವ ರೇಷನ್ ಕಾರ್ಡು, ಅದರ ಜೊತೆಗೆ ಅಂಗಡಿಯವರದೇ ಒಂದು ಅಫಿಡವಿಟ್ಟು, ಎಲ್ಲ ಮತ್ತೆ ಕಳಿಸಬೇಕಾಯಿತು. ಆ ಕೊನೆಯದನ್ನು ಟೈಪ್ ಮಾಡಿದ್ದು ನಾನೇ. ಅಂಗಡಿಯವರು ಸಹಿ ಹಾಕಿ, ಪೆನ್ನು ಮುಚ್ಚಿಟ್ಟು, ಹುಡುಗನ ಅಪ್ಪನನ್ನು ಕೇಳಿದರು: “ಈ ಸಲನಾದ್ರೂ ಕರೀತೀರಿ ತಾನೆ, ಊಟಕ್ಕೆ?”